ಈರುಳ್ಳಿಗೆ ಬೇರೆ ದುಡ್ಡಾ?

ಶನಿವಾರ ಆಸ್ಟ್ರೇಲಿಯಾದ ಚಿಕ್ಕ ಊರು ಹೋಬಾರ್ಟಿನ ಹಾರ್ಡ್‌ವೇರ್ ಅಂಗಡಿಯ ಮುಂದೆ ಕ್ರಿಕೆಟ್ ಕ್ಲಬ್ಬಿನವರು ಚಂದಾ ಎತ್ತಲು ಮಾಂಸದ ಸಾಸೇಜು ಸುಟ್ಟು, ಮೇಲೆ ಹುರಿದ ಈರುಳ್ಳಿ ಹಾಕಿ ಮಾರುತ್ತಿದ್ದರು. ಆ ಈರುಳ್ಳಿಯ ವಾಸನೆಗೆ ಸಾಲಿನಲ್ಲಿದ್ದ ಮುದುಕಿ ಐಲೀನಳ ಬಾಯಲ್ಲಿ ನೀರೂರಿತ್ತು. ಕಿವಿ ಮಾತ್ರ ಮುಂದೆ ನಿಂತ ಅಕ್ಕ-ತಮ್ಮನ ಮೇಲಿತ್ತು. ಇಬ್ಬರೂ ಅಕೌಂಟೆಂಟರು. ಅಕ್ಕ ಇದೇ ಊರಲ್ಲಿ, ತಮ್ಮ ಸಿಡ್ನಿಯಲ್ಲಿ.

“ಸಿಡ್ನಿಗೆ ಬಂದ್ಬಿಡೇ ಅಕ್ಕ. ನಮ್ಮಾಫೀಸಲ್ಲಿ ಜಾಗ ಖಾಲಿ ಇದೆ. ಸಂಬಳ ಇಲ್ಲಿಗಿಂತ ಒಂದೂವರೆ ಪಟ್ಟು.”

“ಅಷ್ಟು ಸಂಬಳ ತಗೊಂಡು ನೀನಿರೋದೆಲ್ಲಿ?”

“ಮನೇಲಿ.”

“ಮನೇಲೋ, ಮನೆಯೊಳಗಿನ ಒಂದು ರೂಮಲ್ಲೋ?”

“ರೂಮಲ್ಲೇ ಅನ್ಕೋ. ಮನೇಲಿ ಇನ್ನೂ ಮೂರು ಜನ ಇದಾರೆ.”

“ನಲವತ್ತಾಯ್ತಲ್ಲೋ ಲಾಕ್ಲನ್! ಹಾಲಿನ ಬಾಟ್ಲಿ ಮೇಲೆ ಈಗ್ಲೂ ಹೆಸರು ಬರೀತೀಯಾ?”

“ಬರೀದಿದ್ರೆ ಕುಡಿದ್ಬಿಡ್ತಾರೆ.”

“ನನ್ನ ಸಂಬಳ ಕಮ್ಮೀನೇ ಕಣೋ. ಆದ್ರೆ ನಮ್ಮನೇಲಿ ಬೆಕ್ಕಿಗೂ ಒಂದು ರೂಮಿದೆ.”

“ಇಲ್ಲಿ ಚಳಿ ಜಾಸ್ತಿ.”

“ಚಳಿಗೆ ಸ್ವೆಟರ್ ಹಾಕ್ಕೋಬಹುದು. ನಿಮ್ಮೂರ ಬಾಡಿಗೆಗೆ ಏನು ಹಾಕ್ಕೊಳ್ಳೋದು?”

ಅಷ್ಟರಲ್ಲಿ ಅವರ ಸರದಿ ಬಂತು. ಇಕ್ಕಳ ಹಿಡಿದವನನ್ನು ತಮ್ಮ ಕೇಳಿದ:

“ಈರುಳ್ಳಿಗೆ ಬೇರೆ ದುಡ್ಡಾ?”

“ಇಲ್ಲಪ್ಪ, ಪುಕ್ಕಟೆ.”

“ಹಾಗಾದ್ರೆ ಹಾಕಿ. ಇನ್ನೊಂಚೂರು. ಇನ್ನೂ...”

“ಒಂದೂವರೆ ಪಟ್ಟು ಹಾಕ್ಬಿಡಿ ಇವನಿಗೆ,” ಅಂದಳು ಅಕ್ಕ.

ಇಬ್ಬರೂ ನಗುತ್ತಾ ಕಾರಿನತ್ತ ಹೋದರು. ಐಲೀನಳ ಸರದಿ ಬಂದಾಗ ಈರುಳ್ಳಿಯ ವಾಸನೆಯಷ್ಟೇ ಉಳಿದಿತ್ತು.

“ಹಾಳಾದ ಸಿಡ್ನಿ!” ಎಂದು ಅವಳು ಬರೀ ಸಾಸೇಜನ್ನೇ ಕಚ್ಚಿದಳು.