ದರ್ಭೆ ಇಡದ ಡಬ್ಬಿ

ನಿನ್ನೆಯಿಂದ ನನಗೆ ಹದಿನಾಲ್ಕು ಫೋನು ಬಂದಿವೆ. ಹದಿನಾಲ್ಕೂ ಬರುವ ಗ್ರಹಣದ ವಿಷಯಕ್ಕೆ. ಸ್ಪರ್ಶ ಎಷ್ಟು ಗಂಟೆಗೆ, ಮೋಕ್ಷ ಎಷ್ಟು ಗಂಟೆಗೆ, ಯಾವ ರಾಶಿಯವರು ನೋಡಬಾರದು, ಇಡ್ಲಿ ಹಿಟ್ಟು ರುಬ್ಬಿಟ್ಟಿದ್ದರೆ ಏನು ಮಾಡಬೇಕು. ಇಡ್ಲಿ ಹಿಟ್ಟು! ನಾಲ್ಕು ದಿನದಿಂದ ಇಲ್ಲಿ ಕೂತು ಭಕ್ತಿ ಎಂದರೇನು ಎಂದು ಗಂಟಲು ಹರಿದುಕೊಳ್ಳುತ್ತಿದ್ದೇನೆ. ಅದರ ಬಗ್ಗೆ ಕೇಳಲು ಒಬ್ಬರೂ ಫೋನು ಮಾಡಲಿಲ್ಲ. ಇರಲಿ. ಇವತ್ತು ಶ್ಲೋಕವನ್ನು ಬದಿಗಿಡೋಣ, ಒಂದು ದೃಷ್ಟಾಂತ ಹೇಳುತ್ತೇನೆ. ಹಿಂದೆ ಕಂಬಕ್ಕೆ ಒರಗಿ ಮಾತಾಡುತ್ತಿರುವವರೂ ಸ್ವಲ್ಪ ಕೇಳಿಸಿಕೊಳ್ಳಿ.

ಒಂದು ಊರಿನಲ್ಲಿ ಎಣ್ಣೆ ಮಿಲ್ಲು ಇಟ್ಟುಕೊಂಡಿದ್ದ ಒಬ್ಬ ಶ್ರೀಮಂತನಿದ್ದ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಅವರು ನಮಗೇನಾಗಬೇಕು ಎಂದು ಸಂಬಂಧ ಹುಡುಕಲು ಹೊರಡುತ್ತೀರಿ. ಶ್ರೀಮಂತನಿಗೆ ಹೆಂಡತಿ, ಒಬ್ಬನೇ ಮಗ, ಒಬ್ಬಳೇ ಸೊಸೆ. ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ, ಮಗು ಒಂದನ್ನು ಬಿಟ್ಟು. ಸೊಸೆಗೆ ಗರ್ಭ ನಿಲ್ಲುತ್ತಿತ್ತು, ಹೋಗುತ್ತಿತ್ತು. ಮೊದಲನೆಯದು ಮೂರು ತಿಂಗಳಿಗೆ ಹೋಯಿತು. ಎರಡನೆಯದು ನಾಲ್ಕಕ್ಕೆ. ಮೂರನೆಯದು ಐದು ತುಂಬಿ ಹೊಟ್ಟೆಯಲ್ಲಿ ಮಿಸುಕಾಡಲು ಶುರುಮಾಡಿದ ಮೇಲೆ ಹೋಯಿತು. ತಾಯಂದಿರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಮನೆಯವರು ಸುಮ್ಮನೆ ಕೂತರೇ? ಇಲ್ಲ. ಮೊದಲ ಸಲ ಹಿತ್ತಿಲಿನ ಬಾವಿ ಮುಚ್ಚಿಸಿದರು. ಎರಡನೆಯ ಸಲ ನಾಗಪ್ರತಿಷ್ಠೆ ಮಾಡಿಸಿದರು. ಮೂರನೆಯ ಸಲ ಅಡುಗೆಮನೆಯ ಒಲೆಯನ್ನು ಈ ಗೋಡೆಯಿಂದ ಆ ಗೋಡೆಗೆ ಸಾಗಿಸಿದರು. ಅದೂ ಸಾಲದು ಎಂದು ಯಾರೋ ಅಕ್ಷರ ಎಣಿಸಿ ಹೇಳಿದರು ಎಂದು ಸೊಸೆಯ ಹೆಸರನ್ನೇ ಬದಲಾಯಿಸಿದರು. ಪಾಪ, ಹೊಸ ಹೆಸರು ಹಿಡಿದು ಕೂಗಿದರೆ ಆ ಹುಡುಗಿ ಯಾರನ್ನೋ ಕರೆಯುತ್ತಿದ್ದಾರೆ ಎಂದು ತಿರುಗಿಯೂ ನೋಡುತ್ತಿರಲಿಲ್ಲ. ನಗುತ್ತೀರಲ್ಲ? ಅಕ್ಕಪಕ್ಕದ ಹೆಂಗಸರು ಅವಳನ್ನು ಸೀಮಂತಕ್ಕೆ ಕರೆಯುವುದನ್ನು ಬಿಟ್ಟರು. ಅಕ್ಕಪಕ್ಕದ ಹೆಂಗಸರು ಎಂದರೆ ಯಾರು? ಇಲ್ಲಿ ಎಡಗಡೆ ಕೂತಿದ್ದೀರಲ್ಲ, ನಿಮ್ಮಂಥವರೇ. ನೋಡಿ, ಬಾವಿ ನೋಡಿದರು, ಒಲೆ ನೋಡಿದರು, ಜಾತಕ ನೋಡಿದರು. ಸೊಸೆಯ ರಕ್ತವನ್ನು ಮಾತ್ರ ಯಾರೂ ನೋಡಲಿಲ್ಲ.

ಕೊನೆಗೆ ಅವಳೇ ಗಂಡನನ್ನು ಹೊರಡಿಸಿಕೊಂಡು ಜಿಲ್ಲಾಕೇಂದ್ರದ ಡಾಕ್ಟರಮ್ಮನ ಹತ್ತಿರ ಹೋದಳು. ಆಕೆ ರಕ್ತ ತೆಗೆಸಿದರು, ಮೂರು ತಿಂಗಳು ಬಿಟ್ಟು ಮತ್ತೆ ತೆಗೆಸಿದರು. ಆಮೇಲೆ ಕೂರಿಸಿಕೊಂಡು ಹೇಳಿದರು.

“ನೋಡಮ್ಮ, ದೋಷ ನಿನ್ನ ಜಾತಕದಲ್ಲಿಲ್ಲ, ರಕ್ತದಲ್ಲಿದೆ. ಮೈಯನ್ನ ಕಾಯ್ಬೇಕಾದ ಶಕ್ತಿನೇ ನಿನ್ನ ಮೈ ಮೇಲೆ ತಿರುಗಿಬಿದ್ದಿದೆ. ಅದಕ್ಕೆ ರಕ್ತ ಬೇಡದ ಕಡೆಯೆಲ್ಲ ಹೆಪ್ಪುಗಟ್ತಾ ಇದೆ. ಮಗುಗೆ ಆಹಾರ, ಉಸಿರು ಹೋಗೋದು ಗರ್ಭದೊಳಗಿನ ಮಾಸಿನಿಂದ ತಾನೆ? ಅಲ್ಲೇ ದಾರಿ ಕಟ್ಕೊಳುತ್ತೆ. ನಿನ್ನ ತಪ್ಪೇನೂ ಇಲ್ಲ. ಔಷಧಿ ಇದೆ, ಆದ್ರೆ ಒಂದು ದಿನಾನೂ ತಪ್ಪಿಸ್ಬಾರ್ದು.”

ನಾಲ್ಕನೆಯ ಗರ್ಭ ನಿಂತಿತು. ದಿನಕ್ಕೊಂದು ಸಣ್ಣ ಮಾತ್ರೆ, ಬೆಳಿಗ್ಗೆ ಎಂಟಕ್ಕೆ ಹೊಟ್ಟೆಯ ಚರ್ಮಕ್ಕೆ ಒಂದು ಇಂಜೆಕ್ಷನ್. ಯಾರು ಚುಚ್ಚಬೇಕು? ಅವಳೇ. ತನ್ನ ಹೊಟ್ಟೆಯ ಚರ್ಮವನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ತಾನೇ ಚುಚ್ಚಿಕೊಳ್ಳಬೇಕು. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ತಿಂಗಳುಗಟ್ಟಲೆ. ಹೊಟ್ಟೆಯ ತುಂಬ ನೀಲಿ ಕಲೆ. ಅದು ತಪಸ್ಸಲ್ಲವೇ? ನೀವು ಏಕಾದಶಿಗೆ ಒಂದು ಹೊತ್ತು ಅನ್ನ ಬಿಟ್ಟು ಅವಲಕ್ಕಿ ತಿಂದು ವಾರವಿಡೀ ಹೇಳಿಕೊಂಡು ತಿರುಗುತ್ತೀರಿ.

ಅತ್ತೆ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಈ ಕಥೆ ಹೇಳುವುದು ನನಗೆ ಸುಲಭವಾಗುತ್ತಿತ್ತು. ಸೊಸೆ ಚುಚ್ಚಿಕೊಳ್ಳುವುದನ್ನು ನೋಡಲಾರದೆ ಬಾಗಿಲ ಹೊರಗೆ ನಿಂತು ನಾಮಸ್ಮರಣೆ ಮಾಡುತ್ತಿದ್ದಳು. ಮುಗಿದ ಕೂಡಲೇ ಲೋಟದ ತುಂಬ ಹಾಲು ತಂದುಕೊಡುತ್ತಿದ್ದಳು. ಆ ಊರಿನ ಸೆಕೆಗೆ ಇಂಜೆಕ್ಷನ್ನಿನ ಡಬ್ಬಿ ಫ್ರಿಜ್ಜಿನಲ್ಲಿ ಇರುತ್ತಿತ್ತು. ಹಾಲು ಮೊಸರಿನ ಪಕ್ಕದಲ್ಲಿ ಅದಕ್ಕೂ ಒಂದು ಜಾಗ ಮಾಡಿಕೊಟ್ಟವಳು ಅತ್ತೆಯೇ.

ಹೀಗೆ ಎಂಟನೆಯ ತಿಂಗಳು ಬಂತು. ಜೊತೆಗೆ ಸೂರ್ಯಗ್ರಹಣವೂ ಬಂತು, ಶನಿವಾರ, ಅಮಾವಾಸ್ಯೆ. ಸೊಸೆ ಜಾಣೆ, ಜಗಳಕ್ಕೆ ಹೋಗಲಿಲ್ಲ. ಗ್ರಹಣ ಹಿಡಿಯುವ ಮೊದಲೇ ಇಂಜೆಕ್ಷನ್ ತೆಗೆದುಕೊಂಡು, ಅತ್ತೆ ಹೇಳಿದ ಕತ್ತಲೆ ಕೋಣೆಯಲ್ಲಿ ಮೂರು ಗಂಟೆ ಕೂತಳು. ಅತ್ತೆ ಪದ್ಧತಿಯಂತೆ ಹಾಲಿಗೆ ದರ್ಭೆ, ಮೊಸರಿಗೆ ದರ್ಭೆ, ತುಪ್ಪಕ್ಕೆ ದರ್ಭೆ, ಉಪ್ಪಿನಕಾಯಿ ಜಾಡಿಗೂ ದರ್ಭೆ ಇಟ್ಟಳು. ಗ್ರಹಣ ಬಿಟ್ಟಿತು. ಸೊಸೆ ಸ್ನಾನ ಮಾಡಿ ಮಲಗಿದಳು. ಅತ್ತೆ ಮನೆ ತೊಳೆದು ಫ್ರಿಜ್ಜಿನ ಬಾಗಿಲು ತೆಗೆದಳು. ಇಂಜೆಕ್ಷನ್ ಡಬ್ಬಿಗೆ ದರ್ಭೆ ಇಟ್ಟಿರಲಿಲ್ಲ!

ಅವಳ ಯೋಚನೆ ನೋಡಿ. ಬಾಯಿಗೆ ಹೋಗುವ ಮೊಸರಿಗೇ ಇಷ್ಟು ಮಡಿ ಬೇಕಾದರೆ, ಮಗು ಇರುವ ಹೊಟ್ಟೆಗೇ ಚುಚ್ಚುವ ಔಷಧಿಗೆ ಎಷ್ಟು ಬೇಡ? ಗ್ರಹಣ ತಗುಲಿದ್ದನ್ನು ಮೊಮ್ಮಗುವಿಗೆ ಹೇಗೆ ಕೊಡುವುದು? ಪ್ರೀತಿಯೇ ತಾಯಂದಿರೇ, ಪೂರ್ತಿ ಪ್ರೀತಿಯೇ. ಆದರೂ ಕೈ ಬರಲಿಲ್ಲ, ತಿಳಿದವರನ್ನು ಕೇಳೋಣ ಎಂದು ತನಗೆ ಗೊತ್ತಿದ್ದ ಒಬ್ಬ ಪ್ರವಚನಕಾರನಿಗೆ ಫೋನು ಮಾಡಿದಳು.

“ಶಾಸ್ತ್ರಿಗಳೇ, ಫ್ರಿಜ್ಜಲ್ಲಿ ಒಂದು ಡಬ್ಬಿಗೆ ದರ್ಭೆ ಇಡೋದು ಮರ್ತುಬಿಟ್ಟೆ. ಏನ್ಮಾಡ್ಲಿ?”

“ದರ್ಭೆ ಇಟ್ಟಿಲ್ವಾ? ಹಾಗಾದ್ರೆ ಅದನ್ನ ಉಪಯೋಗಿಸ್ಬೇಡಿ. ಹೊರಗೆ ಹಾಕಿಬಿಡಿ.”

ಅಷ್ಟೇ ಮಾತು. ಡಬ್ಬಿಯಲ್ಲಿ ಏನಿದೆಯಮ್ಮ ಎಂದು ಅವನು ಕೇಳಲಿಲ್ಲ. ಒದ್ದೆ ಪಂಚೆಯಲ್ಲಿ ನಿಂತಿದ್ದ, ಅದು ಆವತ್ತಿನ ಎಷ್ಟನೆಯದೋ ಫೋನು, ಮುಗಿದರೆ ಸಾಕಾಗಿತ್ತು. ಆ ದಡ್ಡ ಯಾರು ಎಂದು ಮುಖ ಮುಖ ನೋಡಿಕೊಳ್ಳಬೇಡಿ. ನಾನೇ. ಈ ಪೀಠದ ಮೇಲೆ ಶಾಲು ಹೊದ್ದು ಕೂತಿದ್ದೇನಲ್ಲ, ನಾನೇ.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಸೊಸೆ ಫ್ರಿಜ್ಜು ತೆಗೆದಳು.

“ಅತ್ತೆ, ನನ್ನ ಇಂಜೆಕ್ಷನ್ ಡಬ್ಬಿ ಎಲ್ಲಿ?”

“ಅದಕ್ಕೆ ದರ್ಭೆ ಇಟ್ಟಿರ್ಲಿಲ್ಲ ಕಣಮ್ಮ. ಶಾಸ್ತ್ರಿಗಳನ್ನ ಕೇಳಿ ನಿನ್ನೆನೇ ಕಸದ ಗಾಡಿಗೆ ಹಾಕಿಸ್ದೆ. ಹೊಸದು ತರಿಸ್ಕೊಂಡ್ರಾಯ್ತು ಬಿಡು.”

ಹೊಸದು ತರಿಸಿಕೊಂಡರಾಯಿತಂತೆ! ಆ ಊರಿನ ಯಾವ ಅಂಗಡಿಯಲ್ಲೂ ಆ ಇಂಜೆಕ್ಷನ್ ಇರಲಿಲ್ಲ. ಜಿಲ್ಲಾಕೇಂದ್ರಕ್ಕೆ ಹೋದ ಡ್ರೈವರು, ಭಾನುವಾರ ಅಂಗಡಿ ಬಾಗಿಲು ಹಾಕಿದೆ ಎಂದು ಬರಿಗೈಯಲ್ಲಿ ಬಂದ. ಸೊಸೆ ಫೋನು ಮಾಡಿದಾಗ ಡಾಕ್ಟರಮ್ಮ, “ಆಸ್ಪತ್ರೆಯಲ್ಲಿ ಇದೆ, ಈಗಲೇ ಹೊರಟು ಬಾ” ಎಂದರು. ಗಂಡ ಕಾರಿನ ಕೀಲಿ ಕೈಗೆ ತೆಗೆದುಕೊಂಡ. ಆಗ ಶ್ರೀಮಂತ ಅಡ್ಡ ಬಂದ.

“ಇವತ್ತು ಪಾಡ್ಯ. ಅದೂ ಗ್ರಹಣದ ಮಾರನೇ ದಿನ. ತುಂಬಿದ ಬಸುರಿ ಊರು ದಾಟೋದು ಬೇಡ. ಒಂದು ದಿನದಲ್ಲಿ ಏನಾಗುತ್ತೆ? ನಾಳೆ ಹೋದ್ರಾಯ್ತು.”

ಮಗ ಏನು ಮಾಡಿದ? ಕೀಲಿಯನ್ನು ಮೊಳೆಗೆ ತಗುಲಿಹಾಕಿದ. ಓದಿದ ಮಗ! ಹೆಂಡತಿಯ ಹೊಟ್ಟೆಯ ನೀಲಿ ಕಲೆಗಳನ್ನು ದಿನವೂ ನೋಡಿದ ಮಗ! ಅಪ್ಪನ ಮಾತಿಗೆ ಎದುರಾಡುವುದು ಹೇಗೆ ಎಂದು ಕೀಲಿಯನ್ನು ಮೊಳೆಗೆ ತಗುಲಿಹಾಕಿದ. ಇದನ್ನು ಪಿತೃಭಕ್ತಿ ಎಂದು ಕರೆಯೋಣವೇ? ನೀವು ಕರೆಯುವುದಾದರೆ ಕರೆಯಿರಿ, ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ.

ಸೋಮವಾರ ಬೆಳಿಗ್ಗೆ ಸೊಸೆ ಹಜಾರಕ್ಕೆ ಬಂದು ನಿಂತಳು. “ನಿನ್ನೆ ಸಾಯಂಕಾಲದಿಂದ ಮಗು ಒದೀತಾ ಇಲ್ಲ” ಎಂದಳು. ಅಷ್ಟು ಹೇಳಿ, ಯಾರ ಒಪ್ಪಿಗೆಗೂ ಕಾಯದೆ, ತಾನೇ ಮೊಳೆಯಿಂದ ಕೀಲಿ ತೆಗೆದು ಗಂಡನ ಕೈಗೆ ಕೊಟ್ಟಳು. ಆಗ ಯಾರೂ ತಿಥಿ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ನೋಡಿದರೆ ಮಗುವಿಗೆ ಹೋಗುವ ರಕ್ತ ತೀರಾ ಕಡಿಮೆಯಾಗಿತ್ತು. ಮಧ್ಯಾಹ್ನವೇ ಆಪರೇಷನ್ ಮಾಡಿ ತೆಗೆದರು. ಹೆಣ್ಣು ಮಗು. ಒಂದೂವರೆ ಕೆಜಿ. ಅಂಗೈಯಷ್ಟು ಮುಖ. ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತಮೂರು ದಿನ. ಸುದ್ದಿ ತಿಳಿಯಿತು, ಆ ಡಬ್ಬಿಯಲ್ಲಿ ಏನಿತ್ತು ಎಂಬುದೂ ತಿಳಿಯಿತು, ಆಸ್ಪತ್ರೆಗೆ ಓಡಿದೆ. ನಾನು ಅದನ್ನು ಎಸೆಯಲು ಹೇಳಿದ್ದರಿಂದಲೇ ಹೀಗಾಯಿತೇ ಎಂದು ಡಾಕ್ಟರಮ್ಮನನ್ನು ಕೇಳಿದೆ.

“ಅದರಿಂದ್ಲೇ ಆಯ್ತು ಅಂತ ನಾನು ಹೇಳಲಾರೆ. ಅದರಿಂದ ಆಗ್ಲಿಲ್ಲ ಅಂತಾನೂ ಹೇಳಲಾರೆ. ನೀವು ಮನೆಗೆ ಹೋಗಿ” ಎಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಆ ಇಪ್ಪತ್ತಮೂರು ದಿನ ನಾನು ಯಾವ ಊರಿನಲ್ಲೂ ಪ್ರವಚನ ಮಾಡಲಿಲ್ಲ, ಮಾಡಲು ಬಾಯಿ ಬರಲಿಲ್ಲ.

ಮಗು ಉಳಿಯಿತು. ದೇವರು ದೊಡ್ಡವನು, ಡಾಕ್ಟರಮ್ಮನೂ ದೊಡ್ಡವರು. ಮೂರು ತಿಂಗಳಾದ ಮೇಲೆ ಅತ್ತೆ ಸೊಸೆ ಇಬ್ಬರೂ ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದರು. ಅತ್ತೆ ನನ್ನ ಮುಂದೆ ಹಣ್ಣಿನ ತಟ್ಟೆ ಇಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ಏನೆಂದಳು ಗೊತ್ತೇ?

“ಶಾಸ್ತ್ರಿಗಳೇ, ಅವತ್ತು ನಿಮ್ಮ ಮಾತು ಕೇಳಿ ಆ ಡಬ್ಬಿ ಹೊರಗೆ ಹಾಕಿದ್ದಕ್ಕೇ ನಮ್ಮ ಮಗು ಉಳೀತು. ಗ್ರಹಣ ತಗುಲಿದ್ದನ್ನ ಚುಚ್ಚಿದ್ದಿದ್ರೆ ಏನು ಗತಿ!”

ಹಣೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. “ಅಲ್ಲಮ್ಮಾ, ನಾನು ಹೇಳಿದ್ದು ತಪ್ಪು, ಮಹಾ ತಪ್ಪು” ಎಂದೆ. ಅವಳು ಕೈ ಮುಗಿದು, “ದೊಡ್ಡವರು ನೀವು, ಹಾಗೆಲ್ಲ ಅನ್ಬಾರ್ದು” ಎಂದಳು! ನನ್ನ ತಪ್ಪನ್ನು ನಾನು ಒಪ್ಪಿಕೊಳ್ಳಲೂ ಬಿಡಲಿಲ್ಲ. ಅವಳು ದೇವರ ಮನೆಗೆ ನಮಸ್ಕಾರ ಮಾಡಲು ಒಳಗೆ ಹೋದಾಗ ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು, ಮೆತ್ತಗೆ ಹೇಳಿದಳು.

“ಶಾಸ್ತ್ರಿಗಳೇ, ನಮ್ಮತ್ತೆ ನನ್ನ ಮಾತು ಕೇಳಲ್ಲ. ಡಾಕ್ಟರ್ ಮಾತು ಅರ್ಧ ಕೇಳ್ತಾರೆ. ನಿಮ್ಮ ಮಾತು ಮಾತ್ರ ಪೂರ್ತಿ ಕೇಳ್ತಾರೆ. ನಂಗೆ ಅದೇ ಭಯ. ಗೊತ್ತಿಲ್ದೇ ಇರೋದಕ್ಕೆ ಗೊತ್ತಿಲ್ಲ ಅನ್ನಿ. ನಿಮ್ಮ ಬಾಯಿಂದ ಬಂದ್ರೆ ಅದನ್ನೂ ಕೇಳ್ತಾರೆ.”

ಇಷ್ಟು ವರ್ಷ ವೇದಾಂತ ಓದಿದ್ದೇನೆ. ನನಗೆ ಹೀಗೆ ಪಾಠ ಹೇಳಿದವರು ಇನ್ನೊಬ್ಬರಿಲ್ಲ. ಅದಕ್ಕೆ ಈಗ ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ. ನನಗೆ ಗೊತ್ತಿಲ್ಲ. ಔಷಧಿಯ ವಿಷಯ ನನಗೆ ಗೊತ್ತಿಲ್ಲ. ರಕ್ತದ ವಿಷಯ ಗೊತ್ತಿಲ್ಲ, ಗರ್ಭದ ವಿಷಯ ಗೊತ್ತಿಲ್ಲ. ಇವುಗಳಿಗೆ ನನಗೆ ಫೋನು ಮಾಡಬೇಡಿ. ಗ್ರಹಣದ ದಿನ ಜಪ ಮಾಡಿ, ಸ್ನಾನ ಮಾಡಿ, ಯಾರು ಬೇಡ ಎಂದರು? ಆದರೆ ಔಷಧಿಗೆ ಗ್ರಹಣವಿಲ್ಲ, ಪಾಡ್ಯವಿಲ್ಲ, ರಾಹುಕಾಲವಿಲ್ಲ. ಗರ್ಭ ಹೋದ ಹೆಣ್ಣುಮಗಳನ್ನು ಕಂಡರೆ ಅವಳ ಕಾಲ್ಗುಣದ ಮಾತೆತ್ತಬೇಡಿ, ರಕ್ತ ಪರೀಕ್ಷೆ ಮಾಡಿಸಿದ್ದೀಯಾ ತಾಯಿ ಎಂದು ಕೇಳಿ, ಬೇಕಾದರೆ ಜೊತೆಗೆ ಹೋಗಿ. ಮುಂದಿನ ಸೀಮಂತಕ್ಕೆ ಅವಳನ್ನೇ ಮೊದಲು ಕರೆಯಿರಿ. ಗಂಡುಮಕ್ಕಳೇ, ನೀವು ಕೀಲಿಯನ್ನು ಮೊಳೆಗೆ ತಗುಲಿಹಾಕಬೇಡಿ. ಅಪ್ಪನಿಗೆ ನಮಸ್ಕಾರ ಮಾಡಿ, ಹೆಂಡತಿಯನ್ನು ಕೂರಿಸಿಕೊಂಡು ಕಾರು ಓಡಿಸಿ.

ಇನ್ನೊಂದು ಮಾತು, ಮುಗಿಸುತ್ತೇನೆ. ಈಗ ಮಂಗಳಾರತಿ ಇದೆ. ಮಂಗಳಾರತಿ ಬಿಟ್ಟು ಏಳಬಾರದು ಎಂದು ನಾನೇ ಎಷ್ಟೋ ಸಲ ನಿಮ್ಮನ್ನು ಗದರಿದ್ದೇನೆ. ಇವತ್ತು ಹೇಳುತ್ತೇನೆ ಕೇಳಿ. ಇಲ್ಲಿ ಯಾರಿಗೆ ಮಾತ್ರೆಯ ಹೊತ್ತಾಗಿದೆಯೋ, ಯಾರ ಮನೆಯಲ್ಲಿ ಇಂಜೆಕ್ಷನ್ನಿಗೆ ಒಬ್ಬಳು ಕಾಯುತ್ತಿದ್ದಾಳೋ, ಅವರು ಆರತಿಗೆ ಕಾಯಬೇಡಿ. ಈಗಲೇ ಎದ್ದು ಹೋಗಿ. ಯಾಕೆ ಎದ್ದಿರಿ ಎಂದು ಪಕ್ಕದವರು ಕೇಳಿದರೆ ಶಾಸ್ತ್ರಿಗಳೇ ಹೇಳಿದರು ಅನ್ನಿ. ಎಲ್ಲಿ, ಏಳಿ. ಏನು ನನ್ನ ಮುಖ ನೋಡುತ್ತೀರಿ, ಏಳಿ!