ಲಕ್ಷ್ಮಣಪ್ಪ, ನೈಟ್ ಶಿಫ್ಟ್

ನಗೋರು ಈಗಲೇ ನಕ್ಬಿಡಿ. ಮಧ್ಯದಲ್ಲಿ ಯಾರಾದ್ರೂ ಕಿಸಕ್ಕಂದ್ರೆ ನಾನು ಎದ್ದು ಹೋಗ್ತೀನಿ, ಆಮೇಲೆ ಕರೀಬೇಡಿ... ಇದು ನಮ್ಮ ದೊಡ್ಡಮ್ಮನ ಮಗ ಸೀನಣ್ಣನಿಗೆ ಆದದ್ದು. ಎಂಬತ್ನಾಲ್ಕನೇ ಇಸವಿ, ಮಾಕಳಿಯಲ್ಲಿ. ಅವನು ಬಾಯಲ್ಲಿ ಸುಳ್ಳು ಹೇಳೋ ಆಸಾಮಿ ಅಲ್ಲ. ಸುಳ್ಳು ಹೇಳೋಕೂ ನಾಲ್ಕು ಮಾತು ಬೇಕಲ್ಲ, ಅಷ್ಟೂ ಆಡೋನಲ್ಲ.

ಪೀಣ್ಯದ ಒಂದು ಶೆಡ್ಡಲ್ಲಿ ಪ್ರೆಸ್ ಮಿಷನ್ ಮೇಲಿದ್ದ. ಸೆಕೆಂಡ್ ಶಿಫ್ಟ್. ಎಂಟು ಗಂಟೆ ಹೊತ್ತು ಧಡಲ್... ಧಡಲ್... ಅಂತ ತಗಡು ಒತ್ತೋದು. ರಾತ್ರಿ ಹತ್ತೂವರೆಗೆ ಬಿಡ್ತಿದ್ರು. ಕೊನೇ ಬಸ್ಸು ಹಿಡಿದು ತುಮಕೂರು ರೋಡಲ್ಲಿ ಇಳಿದು, ಊರೊಳಕ್ಕೆ ನಡ್ಕೊಂಡು ಹೋಗ್ಬೇಕು. ದಾರೀಲಿ ಆಲದ ಮರ, ಅದರ ಬುಡದಲ್ಲಿ ನೀರು ಬತ್ತಿದ ಬಾವಿ. ಬಾವಿ ದಾಟಿದ್ರೆ ಒಂಟಿ ರೂಮು. ಸೀನಣ್ಣ ಮನೆಗೆ ಹೋಗೋ ಮುಂಚೆ ದಿನಾ ಆ ರೂಮಿನ ಬೀಗ ತೆಗೀತಿದ್ದ. ಮನೇಲಾದ್ರೂ ಯಾರಿದ್ರು? ಮದುವೆ ಇಲ್ಲ, ಮಕ್ಕಳಿಲ್ಲ. ಒಂದು ಸ್ಟೌವು, ಒಂದು ಚಾಪೆ.

ಆ ರೂಮು ಗೋಪಾಲಪ್ಪಂದು. ಗೋಪಾಲಪ್ಪ ಅಂದ್ರೆ ಮಾಕಳಿಯ ಹಳೇ ಗೌಡರ ಮನೆಯೋರು. ಹೊಲ ಎಲ್ಲ ಫ್ಯಾಕ್ಟರಿ ಪಾಲಾದ ಮೇಲೆ ಸಾಲಾಗಿ ರೂಮು ಕಟ್ಟಿ ಬಾಡಿಗೆಗೆ ಬಿಟ್ಟಿದ್ರು. ಸಾಲಿಂದ ಆಚೆ ಒಂಟಿಯಾಗಿದ್ದ ಇದೊಂದನ್ನ ಮಾತ್ರ ಕೆಲಸಗಾರ ಹುಡುಗರು ಪೇಪರ್ ಓದ್ಕೊಳ್ಳಲಿ ಅಂತ ಬಿಟ್ಟುಕೊಟ್ಟಿದ್ರು. ಅಲ್ಲಿ ಒಂದು ದಪ್ಪ ಪುಸ್ತಕ ಇತ್ತು, ಚರ್ಚೆ ಪುಸ್ತಕ ಅಂತ. ಮೂರು ಶಿಫ್ಟಿನ ಜನ ಒಟ್ಟಿಗೆ ಕೂತು ಮಾತಾಡೋದು ಆಗದ ಮಾತಲ್ವಾ? ಒಬ್ಬ ಏಳೋ ಹೊತ್ತಿಗೆ ಇನ್ನೊಬ್ಬ ಮಲಗ್ತಾನೆ. ಅದಕ್ಕೇ ಅವರ ವಾದವೆಲ್ಲ ಪುಸ್ತಕದಲ್ಲಿ. ಒಬ್ಬ ಒಂದು ವಿಷಯ ಎತ್ತೋದು, ಬಂದೋರು ಬಂದಂಗೆ ಕೆಳಗೆ ಬರೆಯೋದು, ಹೆಸರು ಹಾಕಿ ಪಕ್ಕದಲ್ಲಿ ಶಿಫ್ಟ್ ಹಾಕೋದು. ಬೀಗದ ಕೈ ಬಾಗಿಲ ಪಕ್ಕದ ಗೂಡಲ್ಲಿ. ಆರು ವರ್ಷ ಬೈದಾಡ್ಕೊಂಡೋರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ ಅಂದ್ರೆ ನಂಬ್ತೀರಾ? ಹಂಗಿತ್ತು.

ಆಮೇಲೆ ಟಿವಿ ಬಂತು. ಮೂವತ್ತು ಜನ ಬರೀತಿದ್ದ ಪುಸ್ತಕದಲ್ಲಿ ನಾಲ್ಕು ಜನ ಉಳಿದ್ರು. ಆಮೇಲೆ ಇಬ್ಬರು. ಆಮೇಲೆ ಸೀನಣ್ಣ ಬರೆದ ಸಾಲಿನ ಕೆಳಗೆ ಸೀನಣ್ಣನೇ ಬರೀಬೇಕು. ದಿನಕ್ಕೆ ಹತ್ತು ಮಾತೂ ಆಡದ ಮನುಷ್ಯ ಅವನು. ಲೋಕದಲ್ಲಿ ಅವನಿಗೆ ಯಾರಾದ್ರೂ ಉತ್ತರ ಕೊಡೋ ಜಾಗ ಅಂತಿದ್ರೆ ಅದೊಂದೇ.

ಒಂದಿನ ಗೋಪಾಲಪ್ಪ ಹಿಡ್ಕೊಂಡ್ರು. "ಸೀನಪ್ಪ, ಇನ್ನೆರಡು ವಾರ ನೋಡ್ತೀನಿ. ಭಾನ್ವಾರ ನಾನೇ ಬಂದು ಪುಸ್ತಕ ತೆಗೀತೀನಿ. ಇಪ್ಪತ್ತು ಜನ ಬರ್ದಿದ್ರೆ ಇರ್ಲಿ. ಇಲ್ದಿದ್ರೆ ಯಾವುದಾರ ಸಂಸಾರಕ್ಕೆ ಕೊಟ್ಬುಡ್ತೀನಿ. ಬೇಜಾರ್ ಮಾಡ್ಕಬ್ಯಾಡ."

ಸೀನಣ್ಣ ಅವತ್ತು ರಾತ್ರಿ ಪುಸ್ತಕ ತೆಗೆದು ಕೂತ. ಹಳೇ ಹಾಳೆ ತಿರುವಿ ಹಾಕಿದ. ಎಲ್ಲರಿಗಿಂತ ಜಾಸ್ತಿ ಬೈಸ್ಕೊಂಡಿದ್ದೋನು ಲಕ್ಷ್ಮಣಪ್ಪ ಅನ್ನೋನು, ನೈಟ್ ಶಿಫ್ಟ್. ಬಲಕ್ಕೆ ವಾಲಿದ ಅಕ್ಷರ. ಅವನು ಒಂದು ಸಾಲು ಬರೆದ್ರೆ ಹತ್ತು ಜನ ಮೈಮೇಲೆ ಬೀಳ್ತಿದ್ರು. ಬರೋದು ಬಿಟ್ಟು ವರ್ಷವಾಗಿತ್ತು. ಅವನೂ ಟಿವಿ ಮುಂದೆ ಕೂತಿರಬೇಕು ಅಂದ್ಕೊಂಡ ಸೀನಣ್ಣ. ಕೈ ವಾಲಿಸಿ, ಅದೇ ಅಕ್ಷರ ಮಾಡಿ, ಬರೆದ.

"ನೈಟ್ ಶಿಫ್ಟೇ ಸುಖ. ನಾನು ಮನೆಗೆ ಹೋಗೋ ಹೊತ್ತಿಗೆ ಹೆಂಡ್ತಿ ಕೂಲಿಗೆ ಹೋಗಿರ್ತಾಳೆ. ಮುಖ ನೋಡೋ ತಾಪತ್ರಯ ಇಲ್ಲ. ಅದಕ್ಕೇ ಈ ಶಿಫ್ಟ್ ನಾನಾಗೇ ಕೇಳಿ ತಗೊಂಡೆ. ಲಕ್ಷ್ಮಣಪ್ಪ, ನೈಟ್ ಶಿಫ್ಟ್."

ಅಯ್ಯೋ, ಏನು ಹೇಳ್ಲಿ! ಬೆಂಕಿ ಹತ್ಕೊಂಡಂಗೆ ಹತ್ಕೊಂಡಿತು. ಮೂರೇ ದಿನಕ್ಕೆ ಹನ್ನೊಂದು ಉತ್ತರ. ಒಬ್ಬ ಥೂ ಅಂದ, ಒಬ್ಬ ಭೇಷ್ ಅಂದ. ಬಿಟ್ಟುಹೋಗಿದ್ದೋರೆಲ್ಲ "ಲಕ್ಷ್ಮಣಪ್ಪ ಏನೋ ಬರೆದವ್ನಂತೆ" ಅಂತ ಹುಡುಕ್ಕೊಂಡು ಬಂದ್ರು. ಸೀನಣ್ಣನಿಗೆ ಖುಷಿ ಆಯ್ತಾ ಅಂದ್ರೆ... ಅಷ್ಟೊಂದೇನೂ ಇಲ್ಲ. ಅವನ ಒಳಗೆ ಎಲ್ಲ ಜೋಮು ಹಿಡಿದಂಗಿತ್ತು. ಎಣಿಸ್ದ, ಇನ್ನು ಒಂಬತ್ತು ಬೇಕು ಅಂದ್ಕೊಂಡ, ಮನೆಗೆ ಹೋದ.

ನಾಲ್ಕನೇ ರಾತ್ರಿ ಪುಸ್ತಕ ತೆಗೆದ್ರೆ ಕೊನೇಲಿ ಒಂದು ಸಾಲು. ಬಲಕ್ಕೆ ವಾಲಿದ ಅಕ್ಷರ. "ಇದು ನನ್ನ ಮಾತಲ್ಲ."

ಅಷ್ಟೇ. ಹೆಸರಿಲ್ಲ, ಶಿಫ್ಟಿಲ್ಲ. ಸೀನಣ್ಣ ಅಂದ್ಕೊಂಡ, ಓಹೋ, ಮನುಷ್ಯ ವಾಪಸ್ ಬಂದ, ಕೋಪ ಬಂದಿದೆ, ಒಳ್ಳೇದೇ ಆಯ್ತು. "ಹಂಗಾದ್ರೆ ನಿಮ್ಮ ಮಾತೇನು, ಬರೀರಿ" ಅಂತ ಕೆಳಗೆ ಹಾಕಿದ. ಮಾರನೇ ರಾತ್ರಿ ಮತ್ತೆ ಅದೇ. ಇದು ನನ್ನ ಮಾತಲ್ಲ. ಅದರ ಮಾರನೇ ರಾತ್ರೀನೂ ಅದೇ.

ಎರಡನೇ ಶನಿವಾರ. ಸೀನಣ್ಣ ಬಾವಿ ಹತ್ರ ಬಂದ. ಗಾಳಿ ಇಲ್ಲ. ರೂಮಿನ ಬಾಗಿಲಿಗೆ ಬೀಗ ಹಾಕಿದ್ದಂಗೇ ಇದೆ, ಒಳಗೆ ಕತ್ತಲೆ. ಒಳಗಿಂದ... ಕಿರ್ರ್... ಕಿರ್ರ್... ಪೆನ್ನಿನ ಮುಳ್ಳು ಕಾಗದ ಕೆರೆಯೋ ಸದ್ದು. ನಿಲ್ತು. ಸರಕ್ ಅಂತ ಹಾಳೆ ತಿರುವಿದ್ರು. ಮತ್ತೆ ಕಿರ್ರ್...

ಸೀನಣ್ಣ ಬಾಗಿಲಿಗೆ ಬಾಯಿ ಕೊಟ್ಟು ಮೆಲ್ಲಗೆ ಕೇಳ್ದ. "ಯಾರು?"

ಸದ್ದು ನಿಂತಿತು. "ನೈಟ್ ಶಿಫ್ಟು."

"ಲಕ್ಷ್ಮಣಪ್ಪನೋರಾ?"

"...ಆ ಮಾತು ತೆಗೀರಿ."

"ನಾಳೆ ಒಂದಿನ ಇರ್ಲಿ ಅಣ್ಣ. ನಾಳೆ ಗೋಪಾಲಪ್ಪ ನೋಡ್ತಾರೆ. ಆಮೇಲೆ ಹರಿದು ಹಾಕ್ತೀನಿ."

ಸೀನಣ್ಣ ಗೂಡಿಂದ ಬೀಗದ ಕೈ ತಗೊಂಡು, ತೆಗೆದು, ಬೆಂಕಿಕಡ್ಡಿ ಗೀರಿದ. ಯಾರೂ ಇಲ್ಲ. ಹೊಸ ಸಾಲೂ ಇಲ್ಲ. ಕಿಟಕೀಲಿ ಹೋಗಿರಬೇಕು ಅಂದ್ಕೊಂಡು ಬೀಗ ಹಾಕಿ ಮನೆಗೆ ಹೋಗಿ, ತಣ್ಣಗಾಗಿದ್ದ ಅನ್ನ ತಿಂದು ಮಲಗ್ಬಿಟ್ಟ. ಕಿಟಕಿಗೆ ಕಬ್ಬಿಣದ ಸರಳಿದೆ ಅನ್ನೋದು ಅವನ ತಲೆಗೇ ಬರಲಿಲ್ಲ ಕಣ್ರೀ. ಭಯ ಆಗ್ಲಿಲ್ವಾ ಅಂತ ನಾನೇ ಕೇಳಿದ್ದೀನಿ. "ಏನೂ ಆಗ್ಲಿಲ್ಲ" ಅಂದ.

ಭಾನುವಾರ ಹನ್ನೊಂದು ಗಂಟೆಗೆ ಗೋಪಾಲಪ್ಪ ಬಂದು ಕೂತ್ರು. ಬೆರಳಿಟ್ಟು ಹೆಸರು ಎಣಿಸಿದ್ರು. ಇಪ್ಪತ್ತಮೂರು. "ಪರವಾಗಿಲ್ವೇ, ಜೀವ ಬಂದದೆ!" ಅಂದ್ರು. ರೂಮು ಉಳೀತು ಅಂತ ಸೀನಣ್ಣ ಉಸಿರು ಬಿಡೋ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು. ಬರಿಗಾಲು, ಧೂಳು ಮುಚ್ಚಿದ ಪಾದ.

"ಇಲ್ಲಿ ಲಕ್ಷ್ಮಣಪ್ಪ ಅನ್ನೋರು ಏನೋ ಬರ್ದವ್ರಂತಲ್ಲ... ನಾನು ಅವ್ರ ಮನೆಯೋಳು, ರಾಮಕ್ಕ. ನೆಲಮಂಗಲದ ತಾವಿಂದ ಬಂದಿವ್ನಿ."

ಸೀನಣ್ಣ ಎದ್ದು ನಿಂತ. "ಅವರು ಬರಲಿಲ್ವೇನಮ್ಮ?"

"ಅವ್ರೆಲ್ಲಿ ಬತ್ತಾರಪ್ಪ. ಕಾಮಾಲೆಯಾಗಿ ತೀರ್ಕಂಡು ಬರೋ ದೀವಳಿಗೆಗೆ ವರ್ಸ."

ಗೋಪಾಲಪ್ಪ ಪುಸ್ತಕದಿಂದ ತಲೆ ಎತ್ತಿದ್ರು. ಅವಳೇ ಮುಂದುವರಿಸಿದ್ಳು, ಅಳು ಇಲ್ಲ, ಸಿಟ್ಟೂ ಇಲ್ಲ. "ಸಂತೇಲಿ ಒಬ್ಬ ಅಂದ. ನಿನ್ ಗಂಡ ಪುಸ್ತಕದಾಗೆ ಬರ್ದವ್ನೆ, ನಿನ್ ಮೊಕ ನೋಡಕ್ಕಾಗ್ದೆ ರಾತ್ರಿ ಕೆಲ್ಸ ಕೇಳಿ ತಗಂಡಿದ್ನಂತೆ ಅಂತ. ಅನ್ನೊಂದು ವರ್ಸ ರಾತ್ರಿ ಕೆಲ್ಸ ಮಾಡಿದ್ರು. ನಂಗೂ ಒಂದೊಂದ್ಸಲ ಅಂಗೇ ಅನ್ನಿಸ್ತಿತ್ತು. ನಿಜ್ವಾ ಅಂತ ಕೇಳ್ಕಂಡ್ ಓಗನ ಅಂತ ಬಂದೆ. ನಂಗೆ ಓದಕ್ಕೆ ಬರಲ್ಲ."

ಗೋಪಾಲಪ್ಪ ಸೀನಣ್ಣನ ಮುಖಾನೇ ನೋಡ್ತಿದ್ರು. ಹೇಳಿದ್ರೆ ರೂಮು ಹೋಯ್ತು. ಸುಮ್ಮನಿದ್ರೆ ಈ ಹೆಂಗಸು ಆ ಮಾತನ್ನ ಹೊತ್ಕೊಂಡು ನೆಲಮಂಗಲದವರೆಗೂ ನಡೀಬೇಕು. ಎಷ್ಟೋ ತಿಂಗಳಾದ ಮೇಲೆ ಮೊದಲ್ನೇ ಸಲ ಸೀನಣ್ಣನ ಒಳಗಿನ ಜೋಮು ಬಿಟ್ಟಿತಂತೆ, ಅವಳ ಮುಂದೆ ಬಂದು ನಿಂತ.

"ಅಮ್ಮ, ಅದನ್ನ ಬರೆದೋನು ನಾನು. ಅವರು ತೀರ್ಕೊಂಡಿದ್ದು ಗೊತ್ತಿರಲಿಲ್ಲ. ಜನ ಬರ್ಲಿ ಅಂತ ಅವರ ಹೆಸರು ಹಾಕ್ದೆ. ಅವರು ಹಂಗೆ ಯಾವತ್ತೂ ಬರೆದಿಲ್ಲ."

ರಾಮಕ್ಕ ತಲೆ ಆಡಿಸಿದ್ಳು. "ಒಳ್ಳೇ ಮನ್ಸ ನೀನು. ನನ್ನ ಸಮಾಧಾನಕ್ಕೆ ಏಳ್ತಿದ್ದೀಯ."

ಅದಕ್ಕೆ ಏನು ಹೇಳ್ತೀರಿ? ಆಣೆ ಮಾಡಿದ, ನಂಬಲಿಲ್ಲ. ಹಾಳೆ ತೋರಿಸಿದ, ಅವಳಿಗೆ ಎಲ್ಲ ಒಂದೇ. ಕೊನೇ ಸಾಲಿನ ಕೆಳಗೆ ಹಾಳೆ ಅರ್ಧ ಖಾಲಿ. ಅವಳು ಪುಸ್ತಕ ಮಡಿಲಿಗೆ ಎಳ್ಕೊಂಡು ಗೋಡೆಗೊರಗಿ ಕೂತುಬಿಟ್ಳು. ಗೋಪಾಲಪ್ಪ ಎದ್ದು ಹೊಸಲಿಗೆ ಹೋಗಿ ಆಚೆ ಮುಖ ಮಾಡಿ ಬೀಡಿ ಹಚ್ಚಿದ್ರು. ಸೀನಣ್ಣ ಅವಳಿಗೆ ನೀರು ತರೋಣ ಅಂತ ಜಗಲಿ ಮೇಲಿನ ಮಡಕೆಗೆ ಹೋದ. ಹತ್ತು ಹೆಜ್ಜೆ. ಚೊಂಬು ಅದ್ದಿದ, ಬುಳಕ್ ಅಂತು. ಆ ಸದ್ದಿನ ಹಿಂದೆ ಇನ್ನೊಂದು... ಕಿರ್ರ್... ಕಿರ್ರ್...

ವಾಪಸ್ ಬಂದ. ರಾಮಕ್ಕ ಕಣ್ಣು ಮುಚ್ಕೊಂಡು ಕೂತಿದ್ಳು. ಮಡಿಲಲ್ಲಿ ಪುಸ್ತಕ ತೆರೆದಿತ್ತು. ಖಾಲಿ ಇದ್ದ ಕಡೆ ನಾಲ್ಕು ಸಾಲು, ಬಲಕ್ಕೆ ವಾಲಿದ್ದು. ಸೀನಣ್ಣ ಚೊಂಬು ಕೆಳಗಿಟ್ಟು ಗಟ್ಟಿಯಾಗಿ ಓದಿದ. ಅವನ ಧ್ವನಿ ಅವನಿಗೇ ಹೊಸದಾಗಿ ಕೇಳಿಸ್ತಂತೆ.

"ರಾತ್ರಿ ಪಾಳಿ ನಾನು ಕೇಳಿದ್ದಲ್ಲ. ಹಗಲಿಗೆ ಹಾಕಿ ಅಂತ ಮೂರು ಸಲ ಅರ್ಜಿ ಕೊಟ್ಟೆ. ಮನೇಲಿ ಹೇಳಲಿಲ್ಲ, ಹೇಳಿದ್ರೆ ರಾಮಿ ಆಸೆ ಇಟ್ಕೊಂಡು ಕಾಯ್ತಿದ್ಳು. ಭಾನುವಾರ ಅವಳು ತಲೆ ಬಾಚ್ಕೊಳ್ಳೋದನ್ನ ನಿದ್ದೆ ಬಂದೋನಂಗೆ ಮಲಗಿ ನೋಡ್ತಿದ್ದೆ."

ರಾಮಕ್ಕ ಕಣ್ಣು ಬಿಟ್ಳು. "ರಾಮಿ ಅಂತ ಅದೆ ಅದ್ರಾಗೆ?"

"ಇದೆ ಅಮ್ಮ."

ಆಗ ಅತ್ಳು. ಅತ್ತು ಅತ್ತು ಎದ್ದು, ಪುಸ್ತಕ ನಾನು ತಗಂಡ್ ಓಯ್ತೀನಿ ಅಂದ್ಳು. ಗೋಪಾಲಪ್ಪ ಬೇಡ ಅನ್ನಲಿಲ್ಲ. ರೂಮನ್ನೂ ಆ ತಿಂಗಳೇ ಒಂದು ಸಂಸಾರಕ್ಕೆ ಕೊಟ್ಟುಬಿಟ್ರು. ಸೀನಣ್ಣ ಕೇಳೋಕೂ ಹೋಗಲಿಲ್ಲ. ಆಮೇಲೆ ಅವನು ಬಸ್ಸಿಳಿದು ನೇರ ಮನೆಗೆ ಹೋಗ್ತಿದ್ದ, ಅಷ್ಟೇ.

ಅವಳನ್ನ ಸಮಾಧಾನ ಮಾಡೋಕೆ ಸೀನಣ್ಣನೇ ಬಾಯಿಗೆ ಬಂದದ್ದು ಓದಿದ ಅಂತೀರಾ? ಅನ್ನಿ. ನಾನೂ ಅಂದಿದ್ದೆ. ಆಮೇಲೆ ಗೋಪಾಲಪ್ಪನೋರನ್ನೇ ಕೇಳ್ದೆ. ಅವರಿಗೆ ಇವನ ಮೇಲೆ ಪ್ರೀತಿ ಏನಿಲ್ಲ, ಸುಳ್ಳು ಹೇಳಬೇಕಾದ್ದೂ ಇಲ್ಲ. ಅವತ್ತು ಹೊಸಲು ದಾಟಿ ಯಾರೂ ಒಳಗೆ ಹೋಗಲಿಲ್ಲ, ರೂಮಲ್ಲಿ ಬೇರೆ ಪೆನ್ನಿರಲಿಲ್ಲ, ಸೀನನ ಪೆನ್ನು ಸೀನನ ಜೇಬಲ್ಲೇ ಇತ್ತು ಅಂದ್ರು. ಆಮೇಲೆ, ನಾನು ಕೇಳದೇನೇ, ಇನ್ನೊಂದು ಹೇಳಿದ್ರು. ಪುಸ್ತಕ ಎತ್ಕೊಂಡು ರಾಮಕ್ಕ ಅವರ ಮುಂದೇನೇ ಹೊಸಲು ದಾಟಿದ್ಳಂತೆ. ಓದು ಬರದ ಆ ಹೆಂಗಸಿನ ಬಲಗೈಯ ಮೂರು ಬೆರಳಿಗೆ, ಹೆಬ್ಬೆಟ್ಟು, ತೋರುಬೆರಳು, ನಡುಬೆರಳು, ಮೂರಕ್ಕೂ ನೀಲಿ ಇಂಕು ಹತ್ತಿತ್ತಂತೆ, ಇನ್ನೂ ಒಣಗಿರಲಿಲ್ಲವಂತೆ.