ಇಳಿಯದ ತೂಕ

ಕಲೂರಿನ ತೂಕ ಇಳಿಸುವ ಕ್ಲಿನಿಕ್ಕಿನಲ್ಲಿ, ಎದುರು ಕುಳಿತ ಅಕ್ಕತಂಗಿಯರು ಗಟ್ಟಿಯಾಗಿ ಕನ್ನಡದಲ್ಲಿ ಮಾತಾಡುತ್ತಿದ್ದರು. ಕೊಚ್ಚಿಯಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಮೈಸೂರಿನಿಂದ ಇಲ್ಲಿಯ ಬ್ಯಾಂಕಿಗೆ ವರ್ಗವಾಗಿ ಬಂದು ಮಲಯಾಳವನ್ನೂ ಕಲಿತಿದ್ದ ನಂದಿತಾ ಟೋಕನ್ ಹಿಡಿದು ಕೇಳಿಸಿಕೊಂಡಳು.

“ನಾಲ್ಕು ತಿಂಗಳಾಯ್ತು ಸುಶೀಲಕ್ಕ, ನೀನು ಒಂದು ಕೆಜಿಯೂ ಇಳಿಯಲಿಲ್ಲ.”

“ಇಂಜೆಕ್ಷನ್ ನಾನು ತೆಗೊಂಡರಲ್ಲವಾ ಇಳಿಯುವುದು.”

“ಮತ್ತೆ ಯಾರು ತೆಗೊಳ್ಳುವುದು?”

“ಮಗಳು. ನೀನು ದಪ್ಪವೇ ಇಲ್ಲ, ಕೊಡುವುದಿಲ್ಲ ಅಂತ ಡಾಕ್ಟರ್ ಅವಳನ್ನು ವಾಪಸು ಕಳಿಸಿದ್ರು. ಅದಕ್ಕೆ ನನ್ನ ಹೆಸರು ಬರೆಸಿದ್ದು. ಅವಳ ಮದುವೆಗೆ ಇನ್ನು ಮೂರೇ ವಾರ ಉಂಟು.”



“ಈಗ ಅವಳ ತೂಕ ಎಷ್ಟುಂಟು?”

“ನಲವತ್ತೊಂದು. ನಿನ್ನೆ ಬಚ್ಚಲಲ್ಲಿ ತಲೆ ತಿರುಗಿ ಬಿದ್ದಳು.”

“ಎಂತದ್ದು ಅಕ್ಕ ಇದು. ಡಾಕ್ಟರಿಗೆ ಹೇಳು.”

“ಹೇಳಿದರೆ ನಿಲ್ಲಿಸ್ತಾರೆ.”

“ಸುಶೀಲ ಚೇಚಿ,” ನರ್ಸ್ ಕರೆದಳು. ಇಬ್ಬರೂ ಎದ್ದು ಒಳಗೆ ಹೋದರು. ಬಾಗಿಲು ಅರ್ಧ ತೆರೆದೇ ಇತ್ತು. ತೂಕ ನೋಡಿದ ಡಾಕ್ಟರ್ ನಿಟ್ಟುಸಿರುಬಿಟ್ಟು ಮಲಯಾಳದಲ್ಲಿ ಹೇಳಿದ್ದು ನಂದಿತಾಳಿಗೆ ಸ್ಪಷ್ಟವಾಗಿ ಕೇಳಿಸಿತು: ಇಷ್ಟು ಸಾಲದು, ಈ ವಾರದಿಂದ ಡೋಸ್ ದುಪ್ಪಟ್ಟು ಮಾಡೋಣ.